ಲಾಭ, ಎರಡ, ಮೂರ, ನಾಕ

ದೀಪ ಸಣ್ಣ ಮಾಡು ಸಪನಾ... ಕಣ್ಣ ಉರೀಲಿಕ್ಕತ್ಯಾವ. ಇವತ್ತ ಎರಡ ಪಾಳಿ ಮಾಡಿ ಬಂದೀನಿ. ದವಾಖಾನಿಯಾಗ ಒಬ್ಬಾಕಿ ನರ್ಸ್ ರಜಾ ಹಾಕ್ಯಾಳ, ಆಕಿ ಪಾಳಿನೂ ನನ್ನ ತಲಿಮ್ಯಾಲ ಬಂತು. ಆ ಬಿಸಿನೀರಿನ ಬಕೀಟ ಈ ಕಡಿ ಸರಸು, ಕಾಲ ಇಡ್ತೀನಿ... ಹಾಂ. ಈಗ ಕೇಳು.

ಮೊನ್ನೆ ನಮ್ಮ ಉಮಾಕಾಂತ ಊಟಕ್ಕ ಬಂದಿದ್ದ. ನೀ ರೊಟ್ಟಿ ಎಣಸ್ಕೋತ "ಲಾಭ, ಎರಡ, ಮೂರ" ಅಂದಿ. ಅಂವಾ ಕೈಯಾಗಿನ ತುತ್ತ ತಾಟಿನಾಗ ಇಟ್ಟು ಎದ್ದು ಹೋದ. ವೈನಿ, ನಾ ಏನ ತಪ್ಪ ಮಾಡಿದೆ ಅಂತ ಅವತ್ತಿನಿಂದ ನನ್ನ ಜೀವಾ ತಿನ್ಲಿಕ್ಕತ್ತಿ. ನೀ ಏನೂ ತಪ್ಪ ಮಾಡಿಲ್ಲ ತಾಯಿ. ಹೇಳ್ತೀನಿ. ನಡುನಡುವ ಹೂಂ ಅನ್ನು, ಇಲ್ಲಂದ್ರ ನನಗ ಕೂತಲ್ಲೇ ನಿದ್ದಿ ಹತ್ತತದ.

ಉಮಾಕಾಂತ ನನ್ನ ಸೋದರಮಾವನ ಮಗ, ನನಗಿಂತ ನಾಕ ವರ್ಷ ಸಣ್ಣಾಂವ. ಇದು ಅವಗ ಆದ ಸಂಗತಿ, ಎರಡ ಸಾವಿರದ ಒಂಬತ್ತರಾಗ. ಕಟ್ಟಿಮ್ಯಾಲ ಕೂತು ಯಾರೋ ಬಿಟ್ಟ ಗಾಳಿಸುದ್ದಿ ಅಲ್ಲ. ಅಂವಾ ನನ್ನ ಮುಂದ ಕೂತು, ಚಾ ಆರಿ ಹೋಗೂತನಕ ಹೇಳ್ಯಾನ.

ಆವಾಗ ಅಂವಾ ಉಮರಗಾದಾಗ ಓಂಪ್ರಕಾಶ ಶೇಠನ ಹತ್ರ ಕೆಲಸಕ್ಕಿದ್ದ. ಶೇಠಂದೇನ ದೊಡ್ಡ ಕಂಪನಿ ಅಲ್ಲ. ಉಮರಗಾದಿಂದ ನಿಲಂಗಾಕ್ಕ ಗಾಳಿಮ್ಯಾಲ ಇಂಟರ್ನೆಟ್ ಕಳಸ್ತಿದ್ದ, ದುಕಾನಕ್ಕ, ಸಾಲಿಗೆ ಕೊಡ್ತಿದ್ದ. ನೇರ ಮುಟ್ಟಂಗಿಲ್ಲ ಅದು, ನಡುವ ಒಂದ ಎತ್ತರದ ಜಾಗಾ ಬೇಕು. ಆ ಜಾಗಾ ಯಾವುದಂದ್ರ ನಮ್ಮ ಮಾಮಾನ ಹಳೀ ಊರು. ಹೆಸರ ಹೇಳಂಗಿಲ್ಲ, ಅಲ್ಲಿ ಮಂದಿ ಇನ್ನೂ ಹೊಲಕ್ಕ ಹೋಗ್ತಾರ, ಸುಮ್ಮನ ಹೆದರತಾರ. ಭೂಕಂಪದಾಗ ಊರಿಗೂರ ಕುಂತು ಹೋತು. ಆಮ್ಯಾಲ ಸರಕಾರ ಆಚಿಗೆ ಹೊಸ ಊರ ಕಟ್ಟಿ ಕೊಟ್ಟಿತು. ಹಳೀ ಊರಾಗ ಉಳದದ್ದು ಗಢಿಯ, ಅಂದ್ರ ಹಳೀ ಕೋಟಿಯ, ಒಂದ ಬುರುಜು, ಒಂದ ಬಾವಿ, ಬಾಕಿ ಎಲ್ಲಾ ಕಲ್ಲು. ಬುರುಜಿನ ಮ್ಯಾಲ ಶೇಠ ಸಿಗ್ನಲ್ ಹಿಡಿಯೂ ಛತ್ರಿ ಕೂಡ್ಸಿದ್ದ, ಬುಡಕ್ಕ ತಗಡಿನ ಒಂದ ಖೋಲಿ, ಖೋಲಿಯಾಗ ಒಂದ ಕಂಪ್ಯೂಟರ್.

ಹಗಲಿ ಮಂದಿ ಲೈನ ಬಳಸ್ತಾರ, ಮುಟ್ಟಲಿಕ್ಕ ಬರಂಗಿಲ್ಲ. ಅದಕ್ಕ ಏನ ರಿಪೇರಿ ಇದ್ರೂ ರಾತ್ರಿ. ಕಡೀ ಬಸ್ಸಿಗೆ ಫಾಟಾದ ಮ್ಯಾಲ, ಊರ ದಾರಿ ಒಡಿಯೂ ಕ್ರಾಸಿಗೆ, ಇಳದು ಒಬ್ಬನ ನಡೀಬೇಕು. ಬಾವಿ ದಾಟಿ ಹೋಗಬೇಕು, ಬಾವಿ ದಾಟಿ ತಿರಗಿ ಬರಬೇಕು. ಆ ಬಾವಿ ನೀರ ಯಾರೂ ಸೇದಂಗಿಲ್ಲ... ಆದರ ಕಬ್ಬಿಣದ ಗಡಗಡಿ ಹಂಗೇ ಅದ. ಗಾಳಿ ಬಿಟ್ರ ಕಿರ್ರ್... ಅಂತದ. ಸುಮ್ಮಾಗತದ. ಮತ್ತ ಕಿರ್ರ್... ಅಂವಗ ಅದು ರೂಢಿ ಆಗಿತ್ತು. ಅದಕ್ಕ ಅಂವಾ ಹೆದರಿದಾಂವ ಅಲ್ಲ.

ಈಗ ಕಂಪ್ಯೂಟರಿನ ಮಾತು. ಆಕಳಸಬ್ಯಾಡ, ನನಗೂ ಅರ್ಧ ತಿಳದದ್ದು ಅವ ಎರಡ ಸಲ ಹೇಳಿದ ಮ್ಯಾಲ. ನಮ್ಮ ವಾರ್ಡಿನಾಗ ಡಾಕ್ಟರ್ ಬರ್ತಾರ, ಹೋಗ್ತಾರ. ಆದರ ಯಾವ ಬೆಡ್ಡಿನ ಪೇಶಂಟ್ ಒಳಗ ಎಷ್ಟ ನೀರ ಹೋತು, ಹೊರಗ ಎಷ್ಟ ಬಂತು, ಅದು ರಾತ್ರಿ ಪಾಳಿ ನರ್ಸಿಗೆ ಗೊತ್ತು. ಆಕಿ ಬರದಿಟ್ಟಿರ್ತಾಳ. ಕಂಪ್ಯೂಟರಿನಾಗ ಹಂಗ ಎಲ್ಲಾದರ ಬುಡಕ್ಕ ಕೂತಿರೋದೊಂದು ಅದ ಅಂತ, ಅದಕ್ಕ ಕರ್ನಲ್ ಅಂತಾರ. ತಾನಾಗೇ ಏನೂ ಹೇಳಂಗಿಲ್ಲ ಅದು. ಕೇಳಬೇಕು. ಮೊದಲ ಕೇಳಬೇಕು, ಬಾಗಲ, ಅಂದ್ರ ಲೈನ ಹಚ್ಚೋ ಜಾಗಾ, ಎಷ್ಟ ಅವ? ಮೂರ, ಅಂತದ. ಆಮ್ಯಾಲ ಒಂದೊಂದ ಬಾಗಲದ ನಂಬರ ಹೇಳಿ ಕೇಳಬೇಕು. ಈ ಬಾಗಲ ತೆರದದೋ ಮುಚ್ಚೇದೋ, ಎಷ್ಟ ಮೆಸೇಜ್ ಒಳಗ ಬಂತು, ಎಷ್ಟ ಹೊರಗ ಹೋತು. ಇಲ್ಲದ ನಂಬರ ಕೇಳಿದ್ರ "ಅಂಥಾದ್ದಿಲ್ಲ" ಅಂತದ, ಮುಗೀತು. ಅದು ಸುಳ್ಳ ಹೇಳಂಗಿಲ್ಲ ಅಕ್ಕಾ, ಅಂದ ನನಗ. ಎಣಸಿದ್ದಷ್ಟೇ ಹೇಳತದ.

ಬುರುಜಿನ ಕಂಪ್ಯೂಟರಿಗೆ ಬಾಗಲ ಮೂರ. ಒಂದು ಉಮರಗಾ ಕಡಿ, ಒಂದು ನಿಲಂಗಾ ಕಡಿ, ಒಂದು ಹೊಸ ಊರಿನ ಸಾಲಿಗೆ. ಶೇಠಗ ದಿನಾ ಮುಂಜಾನಿ ಮೂರರದೂ ಪಟ್ಟಿ ಬೇಕು. ಅದಕ್ಕ ಉಮಾಕಾಂತ ಒಂದ ಸಣ್ಣ ಪ್ರೋಗ್ರಾಂ ಬರದ, ಕರ್ನಲ್ಲಿಗೆ ಕೇಳಿ ಕೇಳಿ ಪಟ್ಟಿ ಮಾಡೂದು. ಅಲ್ಲಿ ಒಂದ ತಪ್ಪ ಮಾಡ್ದ ನೋಡು. ಕಂಪ್ಯೂಟರ್ ಕಲತವ್ರು ಸೊನ್ನಿಯಿಂದ ಎಣಸ್ತಾರಂತ. ಇಂವಾ ಸೊನ್ನಿಯಿಂದ ಶುರು ಮಾಡ್ದ. ಆ ಕರ್ನಲ್ ಮಾತ್ರ ಬಾಗಲಾ ಒಂದರಿಂದ ಎಣಸ್ತದ. ಮತ್ತ ಇಂವಾ ಕಾಳಿನ ವ್ಯಾಪಾರದವರ ಮನಿ ಹುಡುಗ, ಪಟ್ಟಿಯ ಮೊದಲನೇ ಸಾಲಿಗೆ ಏನ ಹೆಸರ ಇಟ್ಟ? ಲಾಭ.

ನಮ್ಮ ಮಂದಿ ಶೇರಿನಿಂದ ಕಾಳ ಅಳಿಯೋಮುಂದ ಒಂದ ಅಂತ ಎಲ್ಲಿ ಅಂತೀವಿ. ಮೊದಲನೇ ಶೇರಿಗೆ ಲಾಭ, ಆಮ್ಯಾಲ ಎರಡ, ಮೂರ. ನಿನ್ನ ಬಾಯಾಗೂ ಅದನ ಬಂದದ. ನಮ್ಮ ನಾಗನಾಥ ಮಾಮಾ, ಉಮಾಕಾಂತನ ಅಪ್ಪ, ಲಾಭ ಅಂತ ಶೇರ ಎತ್ತಿ ಹಣಿಗೆ ಮುಟ್ಟಸ್ಕೊಂಡು ಆಮ್ಯಾಲ ಸುರೀತಿದ್ದ. ಮಕ್ಕಳನ್ನೂ ಹಂಗ ಎಣಸ್ತಿದ್ದ. ರಾತ್ರಿ ಮಲಗೋಮುಂದ ತಲಿಮ್ಯಾಲ ಕೈ ಇಟ್ಟು, ಲಾಭ, ಎರಡ, ಮೂರ, ನಾಕ. ಲಾಭ ಅಂದ್ರ ಹಿರೀ ಮಗಳು ಶಿವಗಂಗಾ. ಎರಡ, ಉಮಾಕಾಂತ. ಮೂರ, ಪಂಕಜ. ನಾಕ, ರೇವಣಸಿದ್ಧ. ಶಿವಗಂಗಾ ನನ್ನ ವಾರಗಿಯಾಕಿ. ಆಕಿನ್ನ ನಾವು ಲಾಭೀ ಲಾಭೀ ಅಂತ ಕಾಡ್ತಿದ್ವಿ. ಆಕಿ ಭೂಕಂಪದಾಗ ಹೋದ್ಲು.

...ಹೂಂ ಅನ್ನು.

ಸರಿ. ಸೊನ್ನಿ ನಂಬರ ಕೇಳಿದ್ರ ಕರ್ನಲ್ ಏನನ್ನಬೇಕು? ಅಂಥಾದ್ದಿಲ್ಲ, ಅನ್ನಬೇಕು. ಮೊದಲ ಸಾಲು ಖಾಲಿ ಬರಬೇಕು. ಬಂದದ್ದೇನು? ಲಾಭ. ಬಾಗಲದ ಹೆಸರ ಇಲ್ಲ. ಬಾಗಲ ಮುಚ್ಚೇದ. ಒಳಗ ಬಂದದ್ದು, ನಾಕನೂರಾ ಹನ್ನೊಂದು. ಹೊರಗ ಹೋದದ್ದು, ಸೊನ್ನಿ.

ಶೇಠ ಪಟ್ಟಿ ನೋಡಿ ಬೈದ. "ತೀನ ಲೈನಾ ಆಹೇತ, ಮಗ ಚಾರ ಕಶಾ ರೇ?" ಮೂರ ಲೈನಿಗೆ ನಾಕ ಸಾಲ ಹೆಂಗ ಬಂತು, ಮಂದಿ ಏನರ ಕಳ್ಳ ಲೈನ ಎಳದಾರೇನು ಅಂತ ಅವನ ಚಿಂತಿ. ಇಂವಾ ಪ್ರೋಗ್ರಾಂ ತಿದ್ದಬೇಕಿತ್ತು, ಒಂದರಿಂದ ಶುರು ಮಾಡಿದ್ರ ಅವತ್ತೇ ಮುಗೀತಿತ್ತು. ಆದರ ತಿದ್ದಲಿಲ್ಲ. ಯಾಕ ತಿದ್ದಲಿಲ್ಲ ಅಂತ ನಾ ಕೇಳಿದೆ. ಮುಚ್ಚಿದ ಬಾಗಲದಾಗಿಂದ ಯಾರೋ ಬರ್ಲಿಕ್ಕತ್ತಾರ ಅಕ್ಕಾ, ಈ ಕಡಿಯಿಂದ ಒಂದ ಉತ್ತರಾ ಹೋಗಿಲ್ಲ, ನೋಡದಂಗ ಹೆಂಗ ಇರ್ಲಿ ಅಂದ.

ರಾತ್ರಿ ಹೋಗಿ ಕೇಳ್ದ. ನಾಕನೂರಾ ಐವತ್ತು. ಲೈನ ಹಚ್ಚೋ ಕಾರ್ಡ ಬದಲಿ ಮಾಡ್ದ. ನಾಕನೂರಾ ತೊಂಬತ್ತು. ಕಡೀಕ ಉಮರಗಾದಿಂದ ಬ್ಯಾರೆ ಕಂಪ್ಯೂಟರ್ ತಲಿಮ್ಯಾಲ ಹೊತಗೊಂಡು ಹೋಗಿ ಕೂಡ್ಸಿದ. ಹೊಸಾ ಡಬ್ಬಿ, ಸೊನ್ನಿಯಿಂದ ಶುರು ಆಗಬೇಕು. ಮೂರ ಬಾಗಲಾನೂ ಸೊನ್ನಿಯಿಂದ ಶುರು ಆದ್ವು. ಲಾಭ ಮಾತ್ರ ಐದನೂರಾ ಮೂರರಿಂದ. ಒಂಬತ್ತ ರಾತ್ರಿ ಅಂವಾ ನೆಟ್ಟಗ ಮಲಗಿಲ್ಲ. ಆ ವಾರ ನಿಲಂಗಾಕ್ಕ ನಮ್ಮ ಮನಿಗೆ ಬಂದಾಗ ನಾ ಅವನ ಮಾರಿ ನೋಡಿ, ಯಾವ ಚಟಾ ಹತ್ಯದೋ ನಿನಗ ಅಂತ ಬೈದೆ.

ಹತ್ತನೇ ರಾತ್ರಿ. ಅಮಾಸಿ ಅಲ್ಲ, ಹುಣ್ಣಿವಿ ಅಲ್ಲ, ಸಾದಾ ಮಂಗಳವಾರ. ಖೋಲಿಯಾಗ ಕೂತಾನ. ಬಾಜೂ ಹೊಲ ಕಾಯೂ ವಿಶ್ವನಾಥಪ್ಪ ಕಾಕಾ ಬೀಡಿ ಸೇದಲಿಕ್ಕ ಬಂದು ಬಾಗಲದಾಗ ಕೂತಾನ. ಕಂಪ್ಯೂಟರಿನ ಪಂಖಾ ಸುಂಯ್ ಅಂತದ. ಬಾವಿ ಗಡಗಡಿ ಕಿರ್ರ್ ಅಂತದ... ನಿಂದರತದ. ಅಷ್ಟರಾಗ ಹೊರಗ, ಕಲ್ಲಿನ ದಿಬ್ಬದ ಕಡಿಯಿಂದ...

ಠಣ್.

ಇಂವಾ ಕೈ ತಡದ. ಪರದೆ ನೋಡ್ದ. ಐದನೂರಾ ಐವತ್ತೆರಡು ಇದ್ದದ್ದು ಐವತ್ಮೂರು ಆತು.

ಠಣ್... ಠಣ್.

ಐವತ್ತೈದು.

"ಕಾಕಾ... ಕೇಳಸ್ತೇನು?"

"ಏನ?"

"ಠಣ್ ಅಂತ. ಹಿತ್ತಾಳಿ ಸಪ್ಪಳ."

"ನನಗ ನಿನ್ನ ಪಂಖಾದ ಸಪ್ಪಳ ಕೇಳಸ್ತದ." ಮುದುಕ ಬೀಡಿ ಆರಿಸಿದ. "ಯಾವ ಕಡಿಯಿಂದ?"

ಇಂವಾ ಕೈ ಮಾಡಿ ತೋರಿಸ್ದ. ಕಾಕಾ ಆ ಕಡಿ ನೋಡ್ದ... ಭಾಳೊತ್ತು ನೋಡ್ದ. "ಅದು ನಿಮ್ಮ ಓಣಿ ಅಪಾ. ಮನಿಗೆ ಹೋಗು" ಅಂದು ಎದ್ದು ಹೊಲದ ಕಡಿ ಹೋದ, ಹಿಂದ ನೋಡಲಿಲ್ಲ.

ಉಮಾಕಾಂತ ಹೊರಗ ಬಂದ. ಕಣ್ಣ ಮುಚ್ಚಿ ಎಣಸ್ದ. ಹನ್ನೊಂದ ಸಲ ಠಣ್ ಅಂತು. ಒಳಗ ಹೋಗಿ ಕೇಳ್ದ. ಐದನೂರಾ ಅರವತ್ತಾರು. ಬೆರಳ ಮಡಚಿ ಲೆಕ್ಕಾ ಮಾಡ್ದ, ಹನ್ನೊಂದು. ಅಲ್ಲೇ ಕೂತ. ಹೆದರಿಕಿಂದಲ್ಲ ಅಕ್ಕಾ, ಅಂದ. ಆ ಸಪ್ಪಳ ನಾ ಮೊದಲೂ ಕೇಳಿದ್ದೆ.

ಇನ್ನ ಆ ಭೂಕಂಪದ ರಾತ್ರಿ ಹೇಳಬೇಕು. ನನಗ ಇದನ್ನ ಹೇಳೋದಂದ್ರ ಬ್ಯಾಸರಕಿ ಬರತದ. ನೀರ ಆರ್ಲಿಕ್ಕತ್ತು, ಇನ್ನೊಂದ ತಂಬಿಗಿ ಹಾಕು.

ಗಣಪತಿ ನೀರಿಗೆ ಬಿಟ್ಟು ಬಂದ ರಾತ್ರಿ. ಗೌರಾ ಅತ್ತಿ, ಅಂದ್ರ ಉಮಾಕಾಂತನ ಅವ್ವ, ಮನ್ಯಾಗ ಇದ್ದಿಲ್ಲ. ಉದಗೀರಿನಾಗ ನಮ್ಮ ಮನ್ಯಾಗ ಇದ್ಲು, ನಮ್ಮವ್ವನ ಬಾಣಂತನಕ್ಕ ಬಂದಿದ್ಲು. ಹಳ್ಳಿಯಾಗ ಮಾಮಾ, ನಾಕ ಮಕ್ಕಳು. ಗಂಡ ಹುಡುಗರು ಅಪ್ಪನ ಕೂಡ ಪಡಸಾಲ್ಯಾಗ. ಶಿವಗಂಗಾ ಕಾಳಿನ ಖೋಲಿಯಾಗ ಚೀಲದ ಮ್ಯಾಲ ಮಲಗಿದ್ಲು, ಇವು ಒದೀತಾವ ಅಂತ. ನಸುಕಿನಾಗ ನೆಲ ಗುಡುಗಿತು. ಮಾಮಾ ಕೈಗೆ ಸಿಕ್ಕವರನ್ನ ಎಳಕೊಂಡು ಅಂಗಳಕ್ಕ ಬಿದ್ದ. ಕತ್ತಲಿ, ಮಣ್ಣಿನ ಧೂಳಿ, ಒಬ್ಬರ ಮಾರಿ ಒಬ್ಬರಿಗೆ ಕಾಣಂಗಿಲ್ಲ. ಸಾಲಾಗಿ ನಿಂದರ್ರಿ ಅಂದ. ತಲಿ ಮುಟ್ಟಿ ಎಣಸ್ದ. ಲಾಭ, ಎರಡ, ಮೂರ, ನಾಕ.

ನಾಕೂ ಪಾರಾದ್ವು ಅಂದ. ಹುಡುಗರನ್ನ ಹೊಲದ ಬದುವಿನ ಮ್ಯಾಲ ಕೂಡ್ಸಿ, ಮಂದಿ ಮಕ್ಕಳನ್ನ ತಗೀಲಿಕ್ಕ ಓಡಿದ. ಬೆಳಕ ಹರಿಯೂತನಕ ಏಳ ಮಂದಿನ್ನ ಜೀವಂತ ತಗದ. ಬೆಳಕ ಹರದ ಮ್ಯಾಲ ಬಂದು ನೋಡ್ತಾನ... ಮೂರ ಹುಡುಗರು.

ಶಿವಗಂಗಾ ಮರುದಿನ ಸಿಕ್ಕಳು. ಕೈಯಾಗ ಹಿತ್ತಾಳಿ ಶೇರು ಇತ್ತು. ಹೊರಗ ಬಂದಾಕಿ ಶೇರ ತರಲಿಕ್ಕ ತಿರಗಿ ಒಳಗ ಹೋದ್ಲು ಹುಚ್ಚಿ, ನಾ ಎಣಸೀನಿ, ನಾಕ ಇದ್ವು, ಅಂತ ಮಾಮಾ ಹದಿನಾರ ವರ್ಷ ಹೇಳ್ದ. ಮುರುಮ ಊರಿಗೆ ಬಂದು ಹೊಸಾ ದುಕಾನ ಹಾಕಿದ ಮ್ಯಾಲ ಶೇರ ಮುಟ್ಟಲಿಲ್ಲ, ಎಲ್ಲಾ ಕಾಟಾದ ಮ್ಯಾಲ ತೂಗಿದ. ಅತ್ತಿ ಎದುರಿಗೆ ಲಾಭ ಅನ್ನೋ ಶಬ್ದ ಎತ್ತಿಲ್ಲ.

ಉಮಾಕಾಂತಗ ಆವಾಗ ಏಳ ವರ್ಷ. ಅವನ ಎದಿಯಾಗ ಏನ ಇತ್ತಂದ್ರ... ಅವತ್ತ ಅಪ್ಪನ ಕೈ ಮೊದಲ ಬಿದ್ದದ್ದು ತನ್ನ ತಲಿಮ್ಯಾಲ. ಕೈ ಬಿದ್ದಾಗ ಅಪ್ಪ ಅಂದದ್ದು ಎರಡ. ಅದರಕಿಂತ ಮೊದಲ ಲಾಭ ಅಂದಿದ್ದ, ಆದರ ತನ್ನ ಬಾಜೂಕ ಯಾರೂ ಇದ್ದಿಲ್ಲ. ಶೇರ ಹಣಿಗೆ ಮುಟ್ಟಸ್ಕೊಂಡಂಗ ರೂಢಿಮ್ಯಾಲ ಲಾಭ ಅಂದು ಬಿಟ್ಟಾನ ಅಪ್ಪ. ಮೂರ ತಲಿ, ನಾಕ ಲೆಕ್ಕ. ಹುಡುಗಗ ತಿಳೀತು, ಆದರ ಬಾಯಿ ತೆರೀಲಿಲ್ಲ. ಅಂವಾ ದಿನಾನೂ ಎರಡ ಇದ್ದಾಂವ, ಅವತ್ತೂ ಎರಡ ಅಂದ್ರು, ಸುಮ್ಮನ ನಿಂತ. ಬದುವಿನ ಮ್ಯಾಲ ಕೂತಾಗ ಊರ ಕಡಿಯಿಂದ ಠಣ್... ಠಣ್... ಕೇಳಸ್ತು. ಅಕ್ಕ ಶೇರ ಬಾರಸ್ಲಿಕ್ಕತ್ತಾಳ ಅಂತ ಅನಸ್ತು. ಅಪ್ಪ ಬಂದು ಬೈತಾನ ಅಂತ ಅನಸ್ತು. ಬೆಳಕ ಹರಿಯೋಮುಂದ ಸಪ್ಪಳ ನಿಂತಿತು.

ಇದನ್ನ ಹದಿನಾರ ವರ್ಷ ಅಂವಾ ಯಾರಿಗೂ ಹೇಳಿಲ್ಲ. ಹೇಳಿದ್ರ ಅಪ್ಪ ಸಾಯ್ತಾನ, ಹೇಳದಿದ್ರ ತಾ ಸಾಯ್ತೀನಿ ಅಂತ ಒದ್ದಾಡ್ಯಾನ. ಏಳ ವರ್ಷದ ಹುಡುಗಂದು ಅದೇನ ತಪ್ಪು, ಹೇಳು ನೀನ. ನನಗ ಅವನ ಮ್ಯಾಲ ಸಿಟ್ಟೂ ಬಂತು, ಅಳೂನೂ ಬಂತು. ಇಷ್ಟ ವರ್ಷ ನನ್ನ ಮುಂದರ ಹೇಳಬಾರದೇನು ಅಂದೆ.

ಆ ಮಂಗಳವಾರ ರಾತ್ರಿ ಅಂವಾ ಕಂಪ್ಯೂಟರಿನ ಮುಂದ ಕೂತು ಅತ್ತ. ಆ ಬಾಗಲಕ್ಕ ಉತ್ತರಾ ಕಳಸ್ಬೇಕಂದ್ರ ಕಳಸಲಿಕ್ಕ ಬರಂಗಿಲ್ಲ. ಇಲ್ಲದ ಬಾಗಲಕ್ಕ ಏನ ಕಳಸ್ತೀ. ಕೇಳಲಿಕ್ಕ ಬರತದ, ಹೇಳಲಿಕ್ಕ ಬರಂಗಿಲ್ಲ. ನಸುಕಿಗೆ ಎದ್ದು ಬಾವಿ ದಾಟಿ ಫಾಟಾಕ್ಕ ಬಂದ, ಜೀಪ ಹತ್ತಿ ಮುರುಮಕ್ಕ ಹೋದ.

ಮಾಮಾ ಎದ್ದಿದ್ದ, ಜಳಕ ಮುಗಿಸಿ ವಿಭೂತಿ ಹಚ್ಚಿಕೊಳ್ಳಿಕ್ಕತ್ತಿದ್ದ. ಅತ್ತಿ ಒಳಗ ಮಲಗಿದ್ಲು. ಅದಕ್ಕ ಪಿಸುಮಾತು.

"ಅಪ್ಪಾ... ಆ ರಾತ್ರಿ ನಾವು ಮೂರ ಇದ್ವಿ."

ಮಾಮಾ ಕೈ ನಿಂತಿತು.

"ನೀ ನಾಕ ಎಣಸಿದಿ. ಲಾಭ ಅಂದಾಗ ಅಲ್ಲಿ ಯಾರೂ ಇದ್ದಿಲ್ಲ. ನಿನ್ನ ಕೈ ಮೊದಲ ನನ್ನ ತಲಿಮ್ಯಾಲ ಬಿತ್ತು, ಎರಡ ಅಂದಿ. ನನಗ ಗೊತ್ತಾಗಿತ್ತು. ನಾ ಹೇಳಲಿಲ್ಲ. ಅಕ್ಕ ಹೊರಗ ಬಂದೇ ಇಲ್ಲ ಅಪ್ಪಾ... ಒಳಗಿಂದ ಶೇರ ಬಡೀಲಿಕ್ಕತ್ತಿದ್ಲು. ಅದನ್ನೂ ಕೇಳಿದೆ. ಅದನ್ನೂ ಹೇಳಲಿಲ್ಲ."

ಬೈತಾನ, ಹೊಡೀತಾನ, ಇಲ್ಲಾ ಎದಿ ಹಿಡಕೊಂಡು ಬೀಳತಾನ ಅಂತ ಇಂವಾ ಕಾಯ್ಕೋತ ಕೂತ. ಮಾಮಾ ಮಗನ ತಲಿಮ್ಯಾಲ ಕೈ ಇಟ್ಟ.

"ನೀ ಸಣ್ಣಾಂವ ಇದ್ದಿ" ಅಂದ. "ಆದರ ಲಾಭ ಅಂತ ನಾ ಬಾಯಿಮಾತಿಗೆ ಅಂದಿಲ್ಲಪಾ. ತಲಿ ಮುಟ್ಟಿ ಅಂದೀನಿ."

"ಯಾರ ತಲಿ ಅಪ್ಪಾ?"

"ಆಕಿಂದು. ನಿಮ್ಮವ್ವ ಊರಾಗ ಇದ್ದಿಲ್ಲಂತ ಅವತ್ತ ಸಂಜಿಗೆ ಆಕಿ ತಲಿಗೆ ನಾನ ಎಣ್ಣಿ ಹಚ್ಚಿದ್ದೆ. ಕೊಬ್ಬರಿ ಎಣ್ಣಿ ತೀರಿತ್ತು, ದುಕಾನದಾಗಿನ ಕುಸುಬಿ ಎಣ್ಣಿ ಹಚ್ಚಿದೆ, ಸುರವಿಬಿಟ್ಟೆ. ನನಗ ಹೆರಳ ಹಾಕಲಿಕ್ಕ ಬರತಿದ್ದಿಲ್ಲ, ಸೊಟ್ಟ ಹಾಕಿದ್ದೆ, ಅಪ್ಪಾ ಮಂದಿ ನಗತಾರ ಅಂದ್ಲು. ಆಮ್ಯಾಲ ನಾ ಜಳಕ ಮಾಡಿ ಲಿಂಗಪೂಜಿ ಮಾಡ್ಕೊಂಡು ಮಡಿ ಧೋತರ ಉಟ್ಟು ಮಲಗೀನಿ. ನಸುಕಿನಾಗ ಲಾಭ ಅಂದಾಗ ಕೈಗೆ ಆ ಸೊಟ್ಟ ಹೆರಳ ಸಿಕ್ತು. ಅಂಗೈ ಎಲ್ಲಾ ಎಣ್ಣಿ ಆತು... ಧೋತರಕ್ಕ ಒರಸ್ಕೊಂಡೆ."

ಉಮಾಕಾಂತಗ ಮನಸು ಹಗರ ಆಗಬೇಕಿತ್ತು, ಆಗಲಿಲ್ಲ. ಅಂವಾ ತಾನೊಬ್ಬನ ತಪ್ಪು ಅಂತ ಇಷ್ಟ ವರ್ಷ ಹೊತ್ತಿದ್ದ, ಈಗ ಅದನ್ನ ಎಲ್ಲಿ ಇಳಸಬೇಕಂತ ತಿಳೀದಂಗ ಆತು. ಆ ರಾತ್ರಿ ಬುರುಜಿಗೆ ಹೋಗಿ ಸೊನ್ನಿ ನಂಬರ ಕೇಳ್ದ. ಅಂಥಾದ್ದಿಲ್ಲ, ಅಂತು. ಮತ್ತ ಕೇಳ್ದ. ಅಂಥಾದ್ದಿಲ್ಲ. ತಿಂಗಳ ತುಂಬೋದ್ರಾಗ ಕೆಲಸ ಬಿಟ್ಟ. ಈಗ ಶಿರೂರ ಅನಂತಪಾಳದಾಗ ಮೊಬೈಲ ರಿಪೇರಿ ಮಾಡ್ಕೋತ ಇದ್ದಾನ, ನಿನಗ ಗೊತ್ತದಲ್ಲಾ.

ಮಾಮಾನ ತಲಿ ಕೆಟ್ಟದ, ಮಗಳ ದುಃಖಕ್ಕ ಹಂಗ ಅನಸ್ಯದ ಅಂತೀಯೇನು? ನಿಮ್ಮಣ್ಣನೂ ಅದನ ಅಂದ. ಅನ್ರಿ, ನಾ ಬ್ಯಾಡ ಅನ್ನಂಗಿಲ್ಲ. ಉಮಾಕಾಂತನೂ ನನಗ ಇದನ್ನ ಹೇಳಿ, ಅಕ್ಕಾ ನೀ ನಂಬತೀಯೇನು ಅಂತ ಕೇಳ್ದ. ನಾ ಎದ್ದು ಅವನ ಆರಿದ ಚಾ ಬಿಸಿ ಮಾಡಲಿಕ್ಕ ಒಳಗ ಹೋದೆ.

ಭೂಕಂಪ ಆಗಿ ಐದನೇ ದಿನಕ್ಕ ಮಾಮಾ ಮೂರ ಹುಡುಗರನ್ನ ಕರಕೊಂಡು ಉದಗೀರಿಗೆ ನಮ್ಮ ಮನಿಗೆ ಬಂದ. ಉಟ್ಟ ಧೋತರ ಒಂದ ಇತ್ತು ಅವನ ಹತ್ರ, ಮಣ್ಣ ಮೆತ್ತಿತ್ತು, ಐದ ದಿನ ಮಳಿಯಾಗ ತೊಯ್ದಿತ್ತು. ನಮ್ಮವ್ವ ಬಾಣಂತಿ, ಅತ್ತಿ ಸುದ್ದಿ ಕೇಳಿ ಬಿದ್ದಾಕಿ ಎದ್ದಿರಲಿಲ್ಲ. ಅದಕ್ಕ ಆ ಧೋತರ ಒಗದಾಕಿ ನಾನು, ಹನ್ನೊಂದ ವರ್ಷದಾಕಿ, ಹಿತ್ತಲ ಕಲ್ಲಿನ ಮ್ಯಾಲ. ಮಣ್ಣೆಲ್ಲಾ ಹೋತು. ಬಲಗಡಿ ತೊಡಿಮ್ಯಾಲ ನಾಕ ಬೆರಳು, ಒಂದ ಹೆಬ್ಬೆರಳು, ಕಲಿ ಆಗಿ ಉಳಕೊಂಡ್ವು. ಸೋಡಾ ಹಾಕಿ ಮೂರ ಸಲ ತಿಕ್ಕೀನಿ ಸಪನಾ, ಸುಳ್ಳ ಹೇಳಿದ್ರ ಈ ಕೈ ಬಿದ್ದ ಹೋಗ್ಲಿ. ಒಣಗಿದ ಮ್ಯಾಲೂ ಕುಸುಬಿ ಎಣ್ಣಿ ವಾಸನಿ ಬರತಿತ್ತು.